ದ್ರಾಕ್ಷಿಯ ಕಣಿವೆಯಲ್ಲಿ ಸೈಕಲ್ ಪ್ರವಾಸ

ಮುಂಬಯಿಯ ಉಪನಗರಗಳಲ್ಲಿ ನೆಲಸಿರುವ ನಮ್ಮಂತಹ ನೌಕರವರ್ಗದವರು ದಿನದಲ್ಲಿ ಎಷ್ಟು ಹೊತ್ತು ಕುಳಿತೇ ಕಳೆಯುತ್ತಾರೆ ಎಂಬುದನ್ನು ಒಮ್ಮೆ ಕಾಗದದ ಮೇಲೆ ಬರೆದು ಕೂಡಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ದಹಿಸರಿನಿಂದ ಚರ್ಚ್‌ಗೇಟಿನವರೆಗೆ ಲೋಕಲ್ ಗಾಡಿಯಲ್ಲಿ ಸೀಟು ಸಿಕ್ಕಿದರೆ ಪೂರ್ವಜನ್ಮದ ಪುಣ್ಯವೆಂದು ಕುಳಿತುಕೊಳ್ಳುತ್ತೇವೆ. ಸಿಕ್ಕದಿದ್ದರೆ ಕೈಕಾಲು ಅಲುಗಿಸಲೂ ಆಗದಂತೆ ನಿಂತಿರುತ್ತೇವೆ. ಅದನ್ನು ಯಾವ ವೈದ್ಯರೂ ವ್ಯಾಯಾಮವೆಂದು ಒಪ್ಪಲಾರರು. ಕಚೇರಿಯಲ್ಲಿ ಎಂಟು ಗಂಟೆ ಕುರ್ಚಿ, ಮನೆಗೆ ಬಂದ ಮೇಲೆ ದೂರದರ್ಶನದ ಎದುರಿನ ಸೋಫಾ. ನಲವತ್ತು ದಾಟಿದ ಮೇಲೆ ರಕ್ತಪರೀಕ್ಷೆಯ ವರದಿಯಲ್ಲಿ ಸಕ್ಕರೆ, ಕೊಬ್ಬು ಇವುಗಳ ಮುಂದೆ ಕೆಂಪು ಗುರುತು ಕಾಣಿಸಿಕೊಳ್ಳುವುದರಲ್ಲಿ ಸೋಜಿಗವೇನಿದೆ?

ಈ ವಿಷಯದಲ್ಲಿ ಒಂದು ಹಳೆಯ ಸಂಶೋಧನೆಯನ್ನು ವಾಚಕರ ಗಮನಕ್ಕೆ ತರಬಯಸುತ್ತೇನೆ. ಲಂಡನ್ ನಗರದ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ಜೆರ್ರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚುಕಡಿಮೆ ಒಂದೇ ವರ್ಗದ ಜನ. ಆದರೂ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಡಬಲ್ ಡೆಕ್ಕರಿನ ಮೆಟ್ಟಿಲುಗಳನ್ನು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಾಗಿತ್ತು. ನಮ್ಮ ಬೆಸ್ಟ್ ಸಂಸ್ಥೆಯ ಹಳೆಯ ಕೆಂಪು ಡಬಲ್ ಡೆಕ್ಕರ್‌ಗಳು 2023ರ ಸೆಪ್ಟೆಂಬರಿನಲ್ಲಿ ರಸ್ತೆಯಿಂದ ಮರೆಯಾದಾಗ ನನಗೆ ಮೊದಲು ನೆನಪಾದದ್ದು ಈ ಮೆಟ್ಟಿಲುಗಳೇ. ಎರಡು ವರ್ಷಗಳ ಬಳಿಕ, 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೆ ಹೃದಯಾಘಾತವಾದಾಗ ಚಿಕಿತ್ಸೆ ನೀಡಿದ ಪಾಲ್ ಡಡ್ಲಿ ವೈಟ್ ಎಂಬ ಹೃದ್ರೋಗತಜ್ಞರು, ಹೃದ್ರೋಗಿಯನ್ನು ಹಾಸಿಗೆಗೆ ಕಟ್ಟಿಹಾಕುವ ಕಾಲದಲ್ಲಿ ನಡಿಗೆಯನ್ನೂ ಸೈಕಲ್ ಸವಾರಿಯನ್ನೂ ಬೋಧಿಸಿದವರು. ಸ್ವತಃ ಸೈಕಲ್ ತುಳಿಯುತ್ತಿದ್ದವರು.

ಕಳೆದ ಜನವರಿಯಲ್ಲಿ ನಾವು ನಾಲ್ವರು ದಹಿಸರ್‌ವಾಸಿಗಳು ನಾಸಿಕ ಜಿಲ್ಲೆಯ ಗೋದಾವರಿ ಕಣಿವೆಯಲ್ಲಿ ಮೂರು ದಿನ ಸೈಕಲ್ ಪ್ರವಾಸ ಮಾಡಿದೆವು. ಅದರ ವೃತ್ತಾಂತವನ್ನು ಆರೋಗ್ಯದ ಪುಟಗಳಿಗೆ ಬರೆಯಲು ಮುಖ್ಯ ಕಾರಣ ನಮ್ಮ ಗುಂಪಿನ ಹಿರಿಯರಾದ ಮೇಷ್ಟ್ರು. ನಗರಪಾಲಿಕೆಯ ಕನ್ನಡ ಶಾಲೆಯಿಂದ ನಿವೃತ್ತರಾದ ಅವರಿಗೆ ಅರವತ್ತೆರಡು ವರ್ಷ. ಎರಡು ವರ್ಷಗಳ ಹಿಂದೆ ಅವರಿಗೆ ಆಂಜಿಯೋಪ್ಲಾಸ್ಟಿಯಾಗಿದೆ. ಉಳಿದವರೆಂದರೆ ಕುಂದಾಪುರದ ಕಡೆಯ ಹೋಟೆಲ್ ಉದ್ಯಮಿ ಮಿತ್ರರು, ಕಂಪ್ಯೂಟರ್ ಕಂಪನಿಯೊಂದರಲ್ಲಿರುವ ತರುಣ ಮತ್ತು ಬ್ಯಾಂಕಿನಲ್ಲಿ ಕೃಷಿ ಸಾಲದ ಕಡತಗಳನ್ನು ನೋಡುವ ನಾನು. ಹೃದಯಕ್ಕೆ ಚಿಕಿತ್ಸೆಯಾದವರನ್ನು ಗುಡ್ಡಗಾಡಿಗೆ ಕರೆದೊಯ್ಯುವುದೆಂದರೆ ಆಟವಲ್ಲ. ಆದ್ದರಿಂದ ಪ್ರವಾಸಕ್ಕಿಂತ ಮೊದಲು ಅದರ ಸಿದ್ಧತೆಯನ್ನು ಹೇಳಬೇಕು.

ಮೇಷ್ಟ್ರು ತಮ್ಮ ವೈದ್ಯರನ್ನು ಕಂಡದ್ದು ಆಗಸ್ಟ್‌ನಲ್ಲಿ. ಟ್ರೆಡ್‌ಮಿಲ್ ಪರೀಕ್ಷೆಯಾದ ಮೇಲೆ ವೈದ್ಯರು ಒಪ್ಪಿಗೆ ಕೊಟ್ಟರು, ಷರತ್ತುಗಳೊಡನೆ: ಔಷಧವನ್ನು ಒಂದು ಹೊತ್ತೂ ತಪ್ಪಿಸಕೂಡದು, ಎದೆಯಲ್ಲಿ ಬಿಗಿತ, ತೋಳಿನಲ್ಲಾಗಲಿ ದವಡೆಯಲ್ಲಾಗಲಿ ಸೆಳೆತ, ತಲೆಸುತ್ತು, ತಣ್ಣನೆಯ ಬೆವರು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಯೇ ಇಳಿದು ಕುಳಿತುಕೊಂಡು ತಡಮಾಡದೆ ಆಸ್ಪತ್ರೆಯ ದಾರಿ ಹಿಡಿಯಬೇಕು, ಶ್ರಮದ ಅಳತೆಗೆ ನಾಡಿಯನ್ನು ನಂಬದೆ ಮಾತನ್ನು ನಂಬಬೇಕು. ಈ ಕೊನೆಯದು ಮುಖ್ಯ. ಹೃದ್ರೋಗಿಗಳಲ್ಲಿ ಅನೇಕರು ಸೇವಿಸುವ ಬೀಟಾ ಬ್ಲಾಕರ್ ಜಾತಿಯ ಮಾತ್ರೆಗಳು ನಾಡಿಯ ಬಡಿತವನ್ನು ತಗ್ಗಿಸಿ ಇಡುತ್ತವೆ. ದೇಹ ದಣಿದರೂ ಬಡಿತದ ಸಂಖ್ಯೆ ಏರದಿರಬಹುದು. ಸೈಕಲ್ ತುಳಿಯುತ್ತಲೇ ಪೂರ್ಣ ವಾಕ್ಯಗಳನ್ನು ಸರಾಗವಾಗಿ ಆಡಲು ಸಾಧ್ಯವಿದ್ದರೆ ಶ್ರಮ ಮಿತಿಯಲ್ಲಿದೆ; ಎರಡು ಮೂರು ಶಬ್ದಕ್ಕೊಮ್ಮೆ ಉಸಿರು ತೆಗೆಯಬೇಕಾದರೆ ಮಿತಿ ಮೀರಿದೆ. ಇಷ್ಟು ಸುಲಭವಾದ ಉಪಕರಣ ಬೇರಿಲ್ಲ.

ಮೇಷ್ಟ್ರ ಪತ್ನಿ, ನಾವೆಲ್ಲ ಅಕ್ಕ ಎಂದು ಕರೆಯುವವರು, ಈ ವೈದ್ಯಕೀಯ ಸೂತ್ರವನ್ನು ತಮ್ಮ ವಿಜಾಪುರದ ಮಾತಿನಲ್ಲಿ ಕಾಯಿದೆಯನ್ನಾಗಿ ಮಾಡಿಬಿಟ್ಟರು. “ನಾನೂ ಟೆಂಪೋದಾಗ ಹಿಂದ ಬರ್ತೀನಿ. ನಿಮ್ಮ ಮಾತು ನಿಂತರ ನೀವು ಗಾಡಿ ಹತ್ತಬೇಕು, ವಾದ ಮಾಡೂ ಹಂಗಿಲ್ಲ.” ನಲವತ್ತು ವರ್ಷ ತರಗತಿಯಲ್ಲಿ ಮಾತನಾಡಿದವರಿಗೆ ಇದು ಕಠಿಣ ಷರತ್ತೇನಲ್ಲವೆಂದು ನಾವು ನಕ್ಕೆವು. ಸಾಮಾನು, ನೀರು, ರಕ್ತದೊತ್ತಡದ ಯಂತ್ರ, ಥರ್ಮಾಸ್ ಇವುಗಳೊಡನೆ ಟೆಂಪೋ ಒಂದನ್ನು ಗೊತ್ತುಮಾಡಲಾಯಿತು.

ಸೆಪ್ಟೆಂಬರಿನಲ್ಲಿ ವಾರಕ್ಕೆ ಮೂರು ಬೆಳಗ್ಗೆ ಸಮತಟ್ಟಾದ ರಸ್ತೆಯಲ್ಲಿ ಅರ್ಧ ಗಂಟೆ. ಅಕ್ಟೋಬರಿನಲ್ಲಿ ಒಂದು ಗಂಟೆ. ನವೆಂಬರಿನಿಂದ ಭಾನುವಾರಗಳಂದು ಬೋರಿವಲಿಯ ರಾಷ್ಟ್ರೀಯ ಉದ್ಯಾನದ ದ್ವಾರದಿಂದ ಕಾನ್ಹೇರಿ ಗುಹೆಗಳವರೆಗಿನ ಏರುರಸ್ತೆ. ಏರು ಕಲಿಯುವುದಕ್ಕೆ ನಮ್ಮ ಮನೆಬಾಗಿಲಿನಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ನಾವು ಆ ಲೆಕ್ಕವನ್ನು ತಲಪಿದ್ದೆವು. ಆಗಲೇ ನನ್ನ ಪ್ಯಾಂಟಿನ ಬೆಲ್ಟು ಒಂದು ತೂತು ಹಿಂದೆ ಸರಿದಿತ್ತು.

ಸೀಟಿನ ಎತ್ತರದ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಜನ ಕಾಲು ನೆಲಕ್ಕೆ ಸಲೀಸಾಗಿ ಎಟಕಬೇಕೆಂದು ಸೀಟನ್ನು ತಗ್ಗಿಸಿಕೊಂಡು, ಮೊಣಕಾಲನ್ನು ಮಡಚಿಕೊಂಡೇ ತುಳಿದು, ಕೊನೆಗೆ ಸೈಕಲ್ಲಿನಿಂದ ಮೊಣಕಾಲು ನೋವು ಬಂತೆಂದು ದೂರುತ್ತಾರೆ. ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗಬೇಕು. ಪಾದದ ಮುಂಭಾಗವನ್ನಿಟ್ಟು ತುಳಿಯುವಾಗ ಮೊಣಕಾಲಿನಲ್ಲಿ ಅಲ್ಪವಾದ ಬಾಗು ಉಳಿಯಬೇಕು. ಏರಿನಲ್ಲಿ ಹಗುರವಾದ ಗೇರಿಗೆ ಇಳಿದು ಬೇಗಬೇಗನೆ ತುಳಿಯಬೇಕೇ ಹೊರತು, ಭಾರವಾದ ಗೇರಿನಲ್ಲಿ ನಿಂತು ಗುದ್ದಾಡಬಾರದು.

ದಹಿಸರಿನಿಂದ ನಾಸಿಕಕ್ಕೆ ಘೋಡ್‌ಬಂದರ್ ರಸ್ತೆ, ಭಿವಂಡಿ, ಶಹಾಪುರ ಮಾರ್ಗವಾಗಿ ಸುಮಾರು 170 ಕಿ.ಮೀ. ದೂರ. ಈ ಹೆದ್ದಾರಿಯಲ್ಲಿ ಲಾರಿಗಳ ಸಾಲು ಹಗಲೂ ರಾತ್ರಿಯೂ ಹರಿಯುತ್ತಿರುತ್ತದೆ. ಮೇಷ್ಟ್ರಂಥವರನ್ನು ಆ ಹೊಗೆಯಲ್ಲಿ ಕಸಾರಾ ಘಾಟಿ ಹತ್ತಿಸುವುದು ಜಾಣತನವಲ್ಲ. ಆದುದರಿಂದ ಸೈಕಲ್ಲುಗಳನ್ನು ಟೆಂಪೋದಲ್ಲಿ ಹೇರಿ ಮುಂಜಾನೆ ಮೂರಕ್ಕೆ ಹೊರಟು, ಸೂರ್ಯೋದಯದ ವೇಳೆಗೆ ಇಗತಪುರಿಯನ್ನು ಸೇರಿದೆವು. ದಾರಿಯಲ್ಲಿ ರಸ್ತೆಗೆ ಸಮೀಪವಾಗಿಯೇ ರೈಲುಮಾರ್ಗವೂ ಘಾಟಿ ಏರುತ್ತದೆ. 1865ರಲ್ಲಿ ತೆರೆದ ಈ ಥಳ್ ಘಾಟಿಯ ಮಾರ್ಗದಲ್ಲಿ ಏರು 37ಕ್ಕೆ 1ರಷ್ಟು. ಅಂದರೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುತ್ತದೆ. ಇಷ್ಟಕ್ಕೇ ರೈಲಿಗೆ ಒಂದು ಎಂಜಿನ್ ಸಾಲದೆ, ಕಸಾರಾದಲ್ಲಿ ಹಿಂದಿನಿಂದ ನೂಕುವ ಹೆಚ್ಚಿನ ಎಂಜಿನ್‌ಗಳನ್ನು ಜೋಡಿಸುತ್ತಾರೆ. ರೈಲ್ವೆಯವರ ಭಾಷೆಯಲ್ಲಿ ಅವುಗಳ ಹೆಸರು ‘ಬ್ಯಾಂಕರ್’. ಇದನ್ನು ತಿಳಿದಂದಿನಿಂದ ಮೂರು ದಿನವೂ ಮಿತ್ರರು ನನ್ನನ್ನು ಹಿಂದೆ ಬಿಟ್ಟು, ಬ್ಯಾಂಕರ್ ಹಿಂದಿನಿಂದ ನೂಕಲಿ ಎಂದು ಹಾಸ್ಯಮಾಡುತ್ತಿದ್ದರು.

ಏರುವುದೆಂದರೆ ಭಾರವನ್ನು ಎತ್ತುವುದೇ. ಸವಾರನೂ ಸೈಕಲ್ಲೂ ಕೂಡಿ 85 ಕಿಲೋ ತೂಗಿದರೆ, ಆ ಭಾರವನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಭೌತಶಾಸ್ತ್ರದ ಪ್ರಕಾರ ಬೇಕಾಗುವುದು 20 ಕ್ಯಾಲೊರಿ. ಆದರೆ ನಮ್ಮ ಸ್ನಾಯುಗಳು ಉಣ್ಣುವ ಇಂಧನದಲ್ಲಿ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸಿ, ಉಳಿದುದನ್ನು ಶಾಖವಾಗಿ ಬಿಡುತ್ತವೆ. ಆದ್ದರಿಂದ ನಿಜವಾದ ಖರ್ಚು 80ರಿಂದ 100 ಕ್ಯಾಲೊರಿ. ಒಂದು ಬಾಳೆಹಣ್ಣು ಅಷ್ಟನ್ನು ಒದಗಿಸುತ್ತದೆ. ನೂರು ಮೀಟರ್ ಏರಿಗೆ ಒಂದು ಬಾಳೆಹಣ್ಣು ಎಂಬ ಲೆಕ್ಕವನ್ನು ಅಕ್ಕ ಅಕ್ಷರಶಃ ಪಾಲಿಸಿದರು. ಜತೆಗೆ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು, ಅದರಲ್ಲಿ ಚಿಟಿಕೆ ಉಪ್ಪು, ನಿಂಬೆರಸ.

ಇಗತಪುರಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಘೋಟಿಯನ್ನು ದಾಟಿ ಹೆದ್ದಾರಿಯನ್ನು ಬಿಟ್ಟು ವೈತರಣಾ ಜಲಾಶಯದ ಕಡೆಗೆ ತಿರುಗಿದೊಡನೆ ಸದ್ದು ಅಡಗಿತು. ಭತ್ತದ ಕೊಯ್ಲು ಮುಗಿದ ಗದ್ದೆಗಳು, ಮಂಜು, ದೂರದಲ್ಲಿ ಕೋಟೆಯ ಗೋಡೆಯಂತೆ ಎದ್ದುನಿಂತ ಕಪ್ಪು ಬಂಡೆಗಳ ಬೆಟ್ಟಸಾಲು. ಈ ಭಾಗದಲ್ಲಿಯೂ ಸಂಜೇಗಾಂವ್ ಮುಂತಾದೆಡೆ ವೈನ್ ದ್ರಾಕ್ಷಿಯ ತೋಟಗಳಿವೆ. ನಮ್ಮ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಕನ್ವಲ್ ಗ್ರೋವರ್ ಅವರು ಆರಂಭಿಸಿದ ಸಂಸ್ಥೆ 2012ರಲ್ಲಿ ಇಲ್ಲಿಯ ಒಂದು ಸಂಸ್ಥೆಯೊಡನೆ ವಿಲೀನವಾಗಿ, ಎರಡು ನಾಡುಗಳ ದ್ರಾಕ್ಷಿ ಒಂದೇ ಹೆಸರಿನಡಿ ಮಾರಾಟವಾಗುತ್ತಿದೆ.

ವೈತರಣೆಯ ನೀರನ್ನು ಕಂಡು ನಾವು ಸ್ವಲ್ಪ ಹೊತ್ತು ಸೈಕಲ್ ನಿಲ್ಲಿಸಿದೆವು. ತ್ರ್ಯಂಬಕದ ಬಳಿಯ ಇದೇ ಬೆಟ್ಟಸಾಲಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಒಂದು ಗೋದಾವರಿ, ಪೂರ್ವಕ್ಕೆ ತಿರುಗಿ 1,465 ಕಿ.ಮೀ. ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮತ್ತೊಂದು ವೈತರಣೆ, ಪಶ್ಚಿಮಕ್ಕೆ ಇಳಿದು ಅರಬ್ಬೀ ಸಮುದ್ರಕ್ಕೆ ಹೋಗುವ ದಾರಿಯಲ್ಲಿ 1957ರ ಮೋಡಕ್ ಸಾಗರ ಮೊದಲಾದ ಅಣೆಕಟ್ಟುಗಳಲ್ಲಿ ನಿಂತು, ಭಾಂಡುಪದಲ್ಲಿ ಶುದ್ಧಿಯಾಗಿ ನಮ್ಮ ಉಪನಗರಗಳ ನಲ್ಲಿಗಳಿಗೆ ಬರುತ್ತದೆ. ದಹಿಸರಿನಲ್ಲಿ ಬೆಳಗಿನ ಜಾವ ಬಕೆಟ್ ಹಿಡಿದು ಕಾಯುವ ನೀರು ಇದೇ ಎಂದು ತಿಳಿದಾಗ ಹೋಟೆಲ್ ಮಿತ್ರರು ಕೈಮುಗಿದರು.

ಇಲ್ಲಿಂದ ಮುಂದಿನ ರಸ್ತೆ ಏರುತ್ತ ಇಳಿಯುತ್ತ ಸಾಗುತ್ತದೆ. ಮೇಷ್ಟ್ರು ಷರತ್ತಿಗೆ ಬದ್ಧರಾಗಿ ಗೋದಾವರಿಯ ಪುರಾಣವನ್ನು, ಗೌತಮ ಋಷಿಯ ಕಥೆಯನ್ನು, ಅನಂತರ ತಮ್ಮ ಊರಾದ ತಿಕೋಟಾ ಕಡೆಯ ದ್ರಾಕ್ಷಿ ಬೇಸಾಯದ ಕಥೆಯನ್ನು ಎಡೆಬಿಡದೆ ಹೇಳುತ್ತಿದ್ದರು. ಮಧ್ಯಾಹ್ನ ಹನ್ನೊಂದೂವರೆಯ ಸುಮಾರಿಗೆ, ತ್ರ್ಯಂಬಕಕ್ಕೆ ಇನ್ನು ಏಳೆಂಟು ಕಿಲೋಮೀಟರ್ ಇರುವಾಗ, ಉದ್ದನೆಯ ಏರೊಂದರ ನಡುವೆ ಅವರ ದನಿ ನಿಂತುಹೋಯಿತು. ಹಿಂದೆ ಬರುತ್ತಿದ್ದ ನಾನು ಮೊದಲು ಗಮನಿಸಲಿಲ್ಲ. ಟೆಂಪೋ ಹಾರ್ನ್ ಹೊಡೆಯಿತು. ಮೇಷ್ಟ್ರು ತಾವಾಗಿಯೇ ಇಳಿದು, ಸೈಕಲ್ಲನ್ನು ಬೇಲಿಗೆ ಒರಗಿಸಿ, ಮೈಲುಗಲ್ಲಿನ ಮೇಲೆ ಕುಳಿತರು. “ಮಾತು ಮುಗೀತ್ರಿ,” ಎಂದರು.

ಆ ಹತ್ತು ನಿಮಿಷಗಳಲ್ಲಿ ನಮ್ಮಲ್ಲಿ ಯಾರೂ ಹಾಸ್ಯಮಾಡಲಿಲ್ಲ. ಅಕ್ಕ ಗಾಬರಿಯಾಗದೆ ಒಂದೊಂದಾಗಿ ಕೇಳಿದರು: ಎದೆ ಬಿಗಿದಿದೆಯೇ? ತೋಳು? ದವಡೆ? ಕಣ್ಣು ಕತ್ತಲೆ? ಎಲ್ಲಕ್ಕೂ ಇಲ್ಲವೆಂಬ ಉತ್ತರ. ರಕ್ತದೊತ್ತಡ ಎಂದಿನಂತೆಯೇ ಇತ್ತು. ಉಸಿರು ಐದು ನಿಮಿಷದಲ್ಲಿ ಸರಿಹೋಯಿತು. ಬಿಸಿಲು ಮತ್ತು ಸತತವಾದ ಏರು ಮಾತ್ರ ಕಾರಣವಾಗಿದ್ದವು. ತರುಣ ಮಿತ್ರನು ಇನ್ನು ಸ್ವಲ್ಪ ದೂರವೇ ಅಲ್ಲವೇ, ತಳ್ಳಿಕೊಂಡು ಹೋಗಬಹುದಲ್ಲ ಎಂದು ಸೂಚಿಸಿದಾಗ ಮೇಷ್ಟ್ರು ಒಪ್ಪಲಿಲ್ಲ. ಷರತ್ತು ಷರತ್ತೇ. ಟೆಂಪೋ ಹತ್ತಿ ಅಕ್ಕನ ಪಕ್ಕದಲ್ಲಿ ಕುಳಿತು ತ್ರ್ಯಂಬಕಕ್ಕೆ ನಮಗಿಂತ ಮುಂಚೆ ತಲಪಿ, ನಮಗಾಗಿ ಊಟ ಹೇಳಿಟ್ಟಿದ್ದರು. ಅಂದು ಸಂಜೆ ದೂರವಾಣಿಯಲ್ಲಿ ವೈದ್ಯರಿಗೆ ಎಲ್ಲವನ್ನೂ ತಿಳಿಸಲಾಯಿತು. ಮರುದಿನದ ಹಾದಿ ಇಳಿಜಾರಾದುದರಿಂದ, ರಾತ್ರಿ ನಿದ್ರೆ ಚೆನ್ನಾಗಿ ಬಂದರೆ ಹೋಗಬಹುದೆಂದರು.

ಎರಡನೆಯ ದಿನ ಅವರು ಇಡೀ ದೂರವನ್ನು ತುಳಿದರು.

ತ್ರ್ಯಂಬಕದಿಂದ ನಾಸಿಕದ ಕಡೆಗೆ ಹೊರಟರೆ ಬಲಗಡೆಗೆ ಸಿಗುವುದು ಅಂಜನೇರಿ ಬೆಟ್ಟ. ಇದು ಹನುಮಂತನ ಜನ್ಮಸ್ಥಳವೆಂಬುದು ಇಲ್ಲಿಯವರ ನಂಬಿಕೆ; ಅಲ್ಲ, ಆನೆಗೊಂದಿಯ ಬಳಿಯ ಅಂಜನಾದ್ರಿಯೇ ಜನ್ಮಸ್ಥಳವೆಂಬುದು ನಮ್ಮವರದು. ಇದರ ಇತ್ಯರ್ಥಕ್ಕಾಗಿ 2022ರ ಮೇ ತಿಂಗಳಲ್ಲಿ ನಾಸಿಕದಲ್ಲಿ ಧರ್ಮಸಭೆಯೇ ಕೂಡಿ, ಗದ್ದಲದಲ್ಲಿ ಮುಗಿಯಿತು. ಮೇಷ್ಟ್ರು ಇಲ್ಲಿ ಕನ್ನಡದ ಪಕ್ಷವನ್ನು ಬಲವಾಗಿ ಮಂಡಿಸಿದರು. ಅವರ ಉಸಿರಿನ ಬಗ್ಗೆ ನಮಗಿದ್ದ ಸಂಶಯವೆಲ್ಲ ಪರಿಹಾರವಾಯಿತು. ಬೆಟ್ಟದ ಬುಡದಲ್ಲಿ ನಾಣ್ಯಶಾಸ್ತ್ರದ ಸಂಶೋಧನ ಸಂಸ್ಥೆಯೊಂದಿದೆ. 1928ರಿಂದ ನೋಟುಗಳನ್ನು ಮುದ್ರಿಸುತ್ತಿರುವ ಮುದ್ರಣಾಲಯವೂ ಇದೇ ನಾಸಿಕದಲ್ಲಿರುವುದರಿಂದ, ಬ್ಯಾಂಕಿನವನಿಗೆ ಈ ಊರು ಒಂದು ಬಗೆಯ ತೀರ್ಥಕ್ಷೇತ್ರವೇ.

ಮುಂದೆ ಅಡ್ಡದಾರಿ ಹಿಡಿದು ಗಿರಣಾರೆಯ ಕಡೆಗೆ, ಗಂಗಾಪುರ ಜಲಾಶಯದ ಹಿನ್ನೀರಿನತ್ತ ಹೋದೆವು. ಗೋದಾವರಿಗೆ ಅಡ್ಡವಾಗಿ ಕಟ್ಟಿದ ಮಣ್ಣಿನ ಅಣೆಕಟ್ಟು ಇದು, 1965ರಲ್ಲಿ ಮುಗಿಯಿತು. ದ್ರಾಕ್ಷಿಯ ನಿಜವಾದ ನಾಡು ಇಲ್ಲಿಂದ ಆರಂಭ. ರಸ್ತೆಯ ಎರಡೂ ಕಡೆ ಆಳೆತ್ತರದ ಚಪ್ಪರಗಳು. ತಂತಿಗಳ ಮೇಲೆ ಹಬ್ಬಿದ ಬಳ್ಳಿ. ಎಲೆಗಳ ಕೆಳಗೆ ಒಂದೇ ಮಟ್ಟದಲ್ಲಿ ತೂಗುವ ಗೊಂಚಲುಗಳು. ಕಾರಿನಲ್ಲಿ ಹೋಗುವವರಿಗೆ ಇದೊಂದು ಹಸಿರು ಗೋಡೆಯಾಗಿ ಕಾಣುತ್ತದೆ. ಗಂಟೆಗೆ ಹತ್ತು ಹನ್ನೆರಡು ಕಿ.ಮೀ. ವೇಗದ ಸೈಕಲ್ ಸವಾರನಿಗೆ ಗೋಡೆಯ ಒಳಗೆ ಮನುಷ್ಯರು ಕಾಣುತ್ತಾರೆ. ಸಾಲುಸಾಲಾಗಿ ನಿಂತ ಹೆಂಗಸರು ಒಂದೊಂದು ಗೊಂಚಲಿಗೂ ಹಳೆಯ ವೃತ್ತಪತ್ರಿಕೆಯ ಹಾಳೆಯನ್ನು ಸುತ್ತುತ್ತಿದ್ದರು. ಹಗಲಿನ ಬಿಸಿಲಿಗೂ ರಾತ್ರಿಯ ಚಳಿಗೂ ಅಂತರ ಬಹಳವಾದರೆ ಹಸಿರು ಹಣ್ಣು ನಸುಗೆಂಪಾಗುತ್ತದೆ. ರಫ್ತಿನ ವ್ಯಾಪಾರಿ ಅದನ್ನು ಮುಟ್ಟುವುದಿಲ್ಲ. ಅದಕ್ಕಾಗಿ ಈ ಕಾಗದದ ಅಂಗಿ. ಈ ಕೂಲಿಕಾರರಲ್ಲಿ ಬಹುಮಂದಿ ಪೇಠ, ಸುರಗಾಣಾ ತಾಲೂಕುಗಳ ಆದಿವಾಸಿಗಳು.

ನೀರು ಕೇಳಲು ನಿಂತ ತೋಟದ ಯಜಮಾನರು ನಮ್ಮನ್ನು ಚಪ್ಪರದ ಕೆಳಗೆ ಕೂರಿಸಿ ಚಹಾ ತರಿಸಿದರು. ನಾನು ಬ್ಯಾಂಕಿನವನೆಂದು ತಿಳಿದ ಮೇಲೆ ಮಾತು ತಾನಾಗಿ ಆ ಕಡೆ ತಿರುಗಿತು. ಯೂರೋಪಿನಲ್ಲಿ ಚಳಿಗಾಲಕ್ಕೆ ಬಳ್ಳಿ ನಿದ್ರಿಸುತ್ತದೆ. ನಮ್ಮ ಸೆಕೆಯ ನಾಡಿನಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ರೈತನೇ ಕತ್ತರಿಯಿಂದ ಅದಕ್ಕೆ ಋತುವನ್ನು ಗೊತ್ತುಮಾಡಬೇಕು. ಏಪ್ರಿಲ್‌ನಲ್ಲಿ ಒಂದು ಸಲ ಕಡ್ಡಿ ಬೆಳೆಯಲೆಂದು, ಅಕ್ಟೋಬರಿನಲ್ಲಿ ಇನ್ನೊಂದು ಸಲ ಹಣ್ಣು ಬರಲೆಂದು ಸವರುತ್ತಾರೆ. ವಿಜಾಪುರದ ಕಡೆಯೂ ಹೀಗೆಯೇ; ಅದನ್ನು ‘ಚಾಟ್ನಿ’ ಎನ್ನುತ್ತಾರೆಂದು ಮೇಷ್ಟ್ರು ಹೇಳಿದಾಗ ಯಜಮಾನರಿಗೆ ಸಂತೋಷವಾಯಿತು, ಅವರ ಮರಾಠಿ ಶಬ್ದವೂ ಹೆಚ್ಚುಕಡಿಮೆ ಅದೇ. ಅಕ್ಟೋಬರಿನಿಂದ ಸುಗ್ಗಿಯವರೆಗೆ ಕೈಯಿಂದ ಹಣ ಹೋಗುತ್ತಲೇ ಇರುತ್ತದೆ, ಬರುವುದು ಫೆಬ್ರವರಿ, ಮಾರ್ಚ್‌ಗಳಲ್ಲಿ ಮಾತ್ರ. ಆ ನಡುವೆ ಒಂದು ಅಕಾಲ ಮಳೆ ಸುರಿದರೆ ಸಕ್ಕರೆ ತುಂಬಿದ ಕಾಯಿ ಬಿರಿಯುತ್ತದೆ. 2014ರ ಫೆಬ್ರವರಿ, ಮಾರ್ಚ್‌ಗಳಲ್ಲಿ ಮಹಾರಾಷ್ಟ್ರದ ಮೇಲೆ ಸುರಿದ ಆಲಿಕಲ್ಲು ಮಳೆಯನ್ನು ಇಲ್ಲಿ ಯಾರೂ ಮರೆತಿಲ್ಲ. 2010ರಲ್ಲಿ ಬೆಳೆ ಚೆನ್ನಾಗಿದ್ದರೂ, ಬಳ್ಳಿಯ ಬೆಳವಣಿಗೆಯನ್ನು ತಡೆಯಲು ಬಳಸುವ ಒಂದು ರಾಸಾಯನಿಕದ ಶೇಷ ಹಣ್ಣಿನಲ್ಲಿ ಉಳಿದಿತ್ತೆಂಬ ಕಾರಣಕ್ಕೆ ಯೂರೋಪು ಭಾರತದ ದ್ರಾಕ್ಷಿಯನ್ನು ತಿರಸ್ಕರಿಸಿತು. ಆಕಾಶವೂ ಪ್ರಯೋಗಶಾಲೆಯೂ ಎರಡೂ ಒಲಿಯಬೇಕು.

ಅಂದು ಆಕಾಶದಲ್ಲಿ ಮೋಡವಿತ್ತು. ಯಜಮಾನರು ಮಾತಿನ ನಡುವೆ ಚಪ್ಪರದಿಂದ ಹೊರಗೆ ಹೋಗಿ ಮೇಲೆ ನೋಡಿ ಬರುತ್ತಿದ್ದರು. ಬೆಳೆ ವಿಮೆಯಿದೆಯಲ್ಲ ಎಂದು ಕೇಳಿದೆ. ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಆ ವಲಯದ ಮಾಪನ ಕೇಂದ್ರದ ಅಂಕಿಗಳ ಮೇಲೆ. ತೋಟವನ್ನು ನೋಡಿ ಅಲ್ಲ. ಕಡತದಲ್ಲಿ ಈ ನಿಯಮವನ್ನು ನಾನು ನೂರು ಸಲ ಓದಿದ್ದೇನೆ. ಅವರು ಅದನ್ನೇ ಒಂದು ವಾಕ್ಯದಲ್ಲಿ ಹೇಳಿದರು: “ಸಾಹೇಬರೇ, ಆಲಿಕಲ್ಲು ನನ್ನ ಹೊಲದಲ್ಲಿ ಬೀಳುತ್ತದೆ, ಅಳತೆಯ ಯಂತ್ರ ಪಕ್ಕದ ಊರಿನಲ್ಲಿದೆ.” ಪ್ರತಿ ತೋಟಕ್ಕೂ ಒಂದು ಯಂತ್ರವಿಡುವುದು ಸಾಧ್ಯವಿಲ್ಲವೆಂಬುದು ನಿಜವೇ. ಆದರೆ ಯಂತ್ರಗಳು ಈಗಿನದಕ್ಕಿಂತ ದಟ್ಟವಾಗಿರಬೇಕೆಂಬ ಅಭಿಪ್ರಾಯ ನನಗೆ ಅಂದು ಗಟ್ಟಿಯಾಯಿತು.

ತೋಟದ ಅಂಚಿನ ಬಳ್ಳಿಗಳ ಎಲೆಗಳ ಮೇಲೆ ನೀಲಿ ಛಾಯೆಯ ಬಿಳಿ ಕಲೆಗಳಿದ್ದವು. ಹೋಟೆಲ್ ಮಿತ್ರರು ಮೂಸಿ ನೋಡಿ, “ಇದು ನಮ್ಮ ಅಡಿಕೆಯ ಮದ್ದಲ್ಲವೋ?” ಎಂದು ಉದ್ಗರಿಸಿದರು. ಹೌದು, ಮೈಲುತುತ್ತು ಮತ್ತು ಸುಣ್ಣ ಕೂಡಿದ ಬೋರ್ಡೋ ದ್ರಾವಣ. ಕರಾವಳಿ ಮಲೆನಾಡುಗಳಲ್ಲಿ ಕೊಳೆರೋಗಕ್ಕೆ ಅಡಿಕೆ ಗೊನೆಗಳಿಗೆ ಸಿಂಪಡಿಸುವ ಈ ಮದ್ದು ಹುಟ್ಟಿದ್ದು ದ್ರಾಕ್ಷಿ ತೋಟದಲ್ಲಿಯೇ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಅಸಹ್ಯ ಬಣ್ಣದ ಈ ಮಿಶ್ರಣವನ್ನು ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗಲದಿರುವುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಕಂಡು, ಪ್ರಯೋಗಮಾಡಿ, 1885ರಲ್ಲಿ ಪ್ರಕಟಿಸಿದನು. ನಾಸಿಕಕ್ಕೆ ದ್ರಾಕ್ಷಿ ಬಂದದ್ದು ಅದಕ್ಕೆ ನಲವತ್ತು ವರ್ಷಗಳ ತರುವಾಯ. 1925ರಲ್ಲಿ ಓಝರ್ ಗ್ರಾಮದಲ್ಲಿ ಮೊದಲು ನೆಟ್ಟರೆಂದು ಇಲ್ಲಿಯವರು ಹೇಳುತ್ತಾರೆ.

ವೈನಿನ ಕಥೆ ಈಚಿನದು. ರಾಜೀವ್ ಸಾಮಂತ್ ಎಂಬವರು ಅಮೆರಿಕದ ಉದ್ಯೋಗ ಬಿಟ್ಟು ಬಂದು ಗಂಗಾಪುರದ ಬಳಿ ಸುಲಾ ಸಂಸ್ಥೆಯನ್ನು 1999ರಲ್ಲಿ ಸ್ಥಾಪಿಸಿದರು. 2001ರಲ್ಲಿ ಮಹಾರಾಷ್ಟ್ರವೂ 2007ರಲ್ಲಿ ಕರ್ನಾಟಕವೂ ದ್ರಾಕ್ಷಿ ಸಂಸ್ಕರಣೆಗೆ ಪ್ರತ್ಯೇಕ ನೀತಿಗಳನ್ನು ಪ್ರಕಟಿಸಿದ ಮೇಲೆ ಈ ಉದ್ಯಮ ಬೆಳೆಯಿತು. ಈಗ ರಜಾದಿನಗಳಲ್ಲಿ ಮುಂಬಯಿಯ ಕಾರುಗಳೆಲ್ಲ ಇಲ್ಲಿ ಸಾಲುಗಟ್ಟುತ್ತವೆ. ನಾವೂ ಒಂದು ವೈನರಿಯ ಒಳಹೊಕ್ಕು, ನಸುಕಿನ ತಂಪಿನಲ್ಲಿ ಕೊಯ್ದ ಹಣ್ಣನ್ನು ಹಿಂಡುವುದನ್ನೂ ಉಕ್ಕಿನ ತೊಟ್ಟಿಗಳನ್ನೂ ನೋಡಿದೆವು. ರುಚಿ ನೋಡುವ ಮೇಜಿನಿಂದ ದೂರವಿದ್ದೆವು. ಆರೋಗ್ಯದ ಪುಟದಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆಯಬೇಕು. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು 1991ರಲ್ಲಿ ಅಮೆರಿಕದ ಒಂದು ದೂರದರ್ಶನ ಕಾರ್ಯಕ್ರಮದಿಂದ ಜಗತ್ತೆಲ್ಲ ಹಬ್ಬಿತು. ಮದ್ಯದ ಯಾವ ಪ್ರಮಾಣವೂ ನಿರಪಾಯಕರವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಹೃದಯದ ಹೆಸರಿನಲ್ಲಿ ಕುಡಿಯಲು ಆರಂಭಿಸುವುದಕ್ಕೆ ಆಧಾರವಿಲ್ಲ. ಸೈಕಲ್ ಸವಾರನಿಗಂತೂ ಅದು ಮೈಯ ನೀರನ್ನು ಬಸಿಯುತ್ತದೆ, ಬ್ರೇಕಿನ ಮೇಲಿನ ಬೆರಳನ್ನು ನಿಧಾನಗೊಳಿಸುತ್ತದೆ.

ಹಣ್ಣಿನ ಮಾತು ಬೇರೆ. ನೂರು ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 70 ಕ್ಯಾಲೊರಿ, 16 ಗ್ರಾಮಿನಷ್ಟು ಸಕ್ಕರೆ ಇರುತ್ತದೆ. ಮಧುಮೇಹವಿರುವವರು ಒಂದು ಸಣ್ಣ ಹಿಡಿಯಷ್ಟನ್ನು, ರಸ ಮಾಡದೆ ಇಡಿಯಾಗಿ, ಊಟದ ಮೇಲೆ ತಿನ್ನುವುದಕ್ಕಿಂತ ಸವಾರಿಯ ನಡುವೆ ತಿನ್ನುವುದು ಲೇಸು. ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಲವಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ದೀರ್ಘ ಸವಾರಿಯ ಮೊದಲು ವೈದ್ಯರನ್ನು ಕೇಳಲೇಬೇಕು, ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇಟ್ಟುಕೊಳ್ಳಲೇಬೇಕು. ಕೈನಡುಕ, ವಿಪರೀತ ಹಸಿವು, ಮಂಕು ಕವಿದಾಗ ಅದನ್ನು ದಣಿವೆಂದು ತಳ್ಳಿಹಾಕಬಾರದು. ತೋಟದಿಂದ ಕಿತ್ತ ಹಣ್ಣನ್ನು ಚೆನ್ನಾಗಿ ತೊಳೆದೇ ತಿನ್ನಬೇಕೆಂಬುದನ್ನು, ಸಿಂಪರಣೆಯನ್ನು ಕಣ್ಣಾರೆ ಕಂಡವರಿಗೆ ಹೇಳಬೇಕಾಗಿಲ್ಲ.

ನಾಸಿಕ ನಗರದ ರಸ್ತೆಗಳಲ್ಲಿ ನಸುಕಿನಲ್ಲಿ ಸೈಕಲ್ ತುಳಿಯುವವರ ಸಂಖ್ಯೆಯನ್ನು ಕಂಡು ನಮ್ಮ ತರುಣ ಮಿತ್ರನಿಗೆ ಬೆರಗಾಯಿತು. ಅಮೆರಿಕವನ್ನು ಪಶ್ಚಿಮದಿಂದ ಪೂರ್ವಕ್ಕೆ ಸುಮಾರು 4,800 ಕಿ.ಮೀ. ದಾಟುವ ಸ್ಪರ್ಧೆಯನ್ನು ಈ ಊರಿನ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ 2015ರಲ್ಲಿ ಜೋಡಿಯಾಗಿ ಒಂಬತ್ತು ದಿನಗಳೊಳಗೆ ಮುಗಿಸಿದ ಮೇಲೆ ಇಲ್ಲಿ ಸೈಕಲ್ಲಿಗೆ ಹೊಸ ಕಳೆ ಬಂದಿದೆ.

ಮೂರನೆಯ ದಿನ ದಿಂಡೋರಿಯವರೆಗೆ ಹೋಗಿ ಹಿಂದಿರುಗಿದೆವು. ಹೋಗಿಬರಲು ಸುಮಾರು 50 ಕಿ.ಮೀ., ಹಗುರವಾದ ಏರಿಳಿತ, ಎರಡೂ ಕಡೆ ದ್ರಾಕ್ಷಿಯೇ. ಚಳಿ ಹೆಚ್ಚಿದ ಆ ಮುಂಜಾವಿನಲ್ಲಿ ಕೆಲವು ತೋಟಗಳಲ್ಲಿ ಬಳ್ಳಿಗೆ ಬೆಚ್ಚಗಾಗಲೆಂದು ಬೆಂಕಿ ಹಾಕಿದ್ದರು. ಚಪ್ಪರದ ಕೆಳಗೆ ಹೊಗೆ ಮಂಜಿನೊಡನೆ ಬೆರೆತು ನಿಂತಿತ್ತು. ಮೇಷ್ಟ್ರು ಹಿಂದಿನ ದಿನಕ್ಕಿಂತ ಕಡಿಮೆ ಮಾತನಾಡಿದರು, ಆದರೆ ಕೇಳಿದ್ದಕ್ಕೆಲ್ಲ ಪೂರ್ಣ ವಾಕ್ಯದಲ್ಲಿ ಉತ್ತರ ಕೊಟ್ಟರು. ಅಕ್ಕ ಟೆಂಪೋದ ಕಿಟಕಿಯಿಂದ ಆಗಾಗ ಪ್ರಶ್ನೆ ಕೇಳುತ್ತಲೇ ಇದ್ದರು. ಮೂರು ದಿನಗಳಲ್ಲಿ ಒಟ್ಟು 140 ಕಿ.ಮೀ. ಆಗಿತ್ತು, ಮೇಷ್ಟ್ರದು ಏಳೆಂಟು ಕಡಿಮೆ.

ಮಾರ್ಚ್ ತಿಂಗಳಲ್ಲಿ ಗಿರಣಾರೆಯ ಯಜಮಾನರಿಗೆ ಫೋನ್ ಮಾಡಿದೆ. ಮೋಡ ಮಳೆಯಾಗದೆ ಸರಿದುಹೋಗಿತ್ತು. ಹಣ್ಣು ವ್ಯಾಪಾರಿಯ ಲಾರಿಗೇರಿದೆ, ಅರ್ಧ ಹಣ ಬಂದಿದೆ, ಉಳಿದರ್ಧ ಬರುತ್ತದೆಂದು ವ್ಯಾಪಾರಿ ಹೇಳಿದ್ದಾನೆ ಎಂದರು. ಬ್ಯಾಂಕಿನವರು ಲೆಕ್ಕ ಮುಗಿಸುವುದು ಮಾರ್ಚ್ 31ಕ್ಕೆ. ವ್ಯಾಪಾರಿಗೆ ಅಂತಹ ತಾರೀಖು ಯಾವುದೂ ಇರುವುದಿಲ್ಲ. ನಮ್ಮ ಮೇಷ್ಟ್ರ ಕ್ಷೇಮಸಮಾಚಾರವನ್ನು ಅವರೇ ಮೊದಲು ಕೇಳಿದರು.

ಮುಂದಿನ ಪ್ರವಾಸವನ್ನು ನಂದಿಬೆಟ್ಟದ ಸುತ್ತಣ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಗೆ, ವರ್ಷಕ್ಕೆ ಎರಡು ಬೆಳೆ ಕೊಡುವ ಬೆಂಗಳೂರು ನೀಲಿ ದ್ರಾಕ್ಷಿಯ ಸೀಮೆಗೆ ಇಟ್ಟುಕೊಳ್ಳಬೇಕೆಂದಿದ್ದೇವೆ. ಬರಲಿಚ್ಛಿಸುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು. ನಲವತ್ತು ದಾಟಿದವರು ವೈದ್ಯರ ಪತ್ರವನ್ನು ಜತೆಗೆ ತರತಕ್ಕದ್ದು. ಕಾನ್ಹೇರಿಯ ಏರಿನ ಅಭ್ಯಾಸ ಮಳೆಗಾಲ ಮುಗಿದ ಮೊದಲ ಭಾನುವಾರದಿಂದ ಆರಂಭವಾಗುತ್ತದೆ. ಟೆಂಪೋದಲ್ಲಿ ಮುಂದಿನ ಸೀಟು ಅಕ್ಕನವರಿಗೆ ಈಗಾಗಲೇ ಕಾದಿರಿಸಲಾಗಿದೆ.